ಗಡಿಯ ಹಮಾಲಿಗಳು

ಹಮಾಲಿ ಎಂಬ ಮಾತಿಗೆ ಕನ್ನಡಿಗರಿಗೆ ಅರ್ಥ ಹೇಳಬೇಕಾಗಿಲ್ಲ. ದಾವಣಗೆರೆ, ಹುಬ್ಬಳ್ಳಿ, ರಾಯಚೂರುಗಳ ಮಾರುಕಟ್ಟೆಗಳಲ್ಲಿ ಬೆನ್ನ ಮೇಲೆ ಚೀಲ ಹೇರಿಕೊಂಡು ಲಾರಿಗೂ ಗೋದಾಮಿಗೂ ನಡುವೆ ಓಡಾಡುವವನು ಹಮಾಲಿ. ಆದರೆ ಮೂಲದಲ್ಲಿ ಈ ಪದ ಅರಬ್ಬಿಯದು. ಪಾರಸಿ, ಉರ್ದುಗಳ ದಾರಿಯಾಗಿ ಇಲ್ಲಿಗೆ ಬಂದು ನಮ್ಮದೇ ಆಗಿಬಿಟ್ಟಿದೆ. ಹೊರುವುದು ಎಂಬ ಅರ್ಥದ ಅರಬ್ಬಿ ಧಾತುವಿನಿಂದ ಹುಟ್ಟಿದ ‘ಹಮ್ಮಾಲ್’ ಎಂದರೆ ಹೊರುವವನು. ಅದೇ ಧಾತುವಿನಿಂದ ಆ ಭಾಷೆಯಲ್ಲಿ ಬಸುರಿಗೂ ಹೆಸರು ಬಂದಿದೆ ಎಂಬುದನ್ನು ಇಲ್ಲಿ ಸುಮ್ಮನೆ ಗಮನಿಸಿ ಮುಂದೆ ಹೋಗೋಣ.

ಈ ಪದ ಪಶ್ಚಿಮದ ಕಡೆಗೂ ಪ್ರಯಾಣ ಮಾಡಿತು. ಆಫ್ರಿಕಾದ ವಾಯವ್ಯ ಮೂಲೆಯಲ್ಲಿರುವ ಮೊರಾಕ್ಕೊ ದೇಶದ ಉತ್ತರದ ಗಡಿ ಊರುಗಳಲ್ಲಿ ಹೊರುವವರು ಎಂದರೆ ಥಟ್ಟನೆ ನೆನಪಾಗುತ್ತಿದ್ದುದು ಗಂಡಸರಲ್ಲ, ಹೆಂಗಸರು. ‘ಹಮ್ಮಾಲಾತ್’ ಎಂಬ ಸ್ತ್ರೀಲಿಂಗ ಬಹುವಚನವೇ ಅವರ ಹೆಸರು. ಗಡಿಯ ಆಚೆ ಬದಿಯ ಸ್ಪೇನಿನವರು ಅವರನ್ನು ‘ಪೋರ್ತೆಯಾದೋರಾ’ ಎಂದು ಕರೆದರು. ಅದಕ್ಕೂ ಹೊರುವವಳು ಎಂದೇ ಅರ್ಥ. ಪತ್ರಿಕೆಗಳು ಇನ್ನೊಂದು ಹೆಸರನ್ನೂ ಕಟ್ಟಿದವು: ಹೇಸರಗತ್ತೆ ಹೆಂಗಸರು. ಅನುಕಂಪದಿಂದಲೇ ಇಟ್ಟ ಹೆಸರಿದ್ದೀತು. ಆದರೂ ದಿನಕ್ಕೆ ಹತ್ತು ಹನ್ನೆರಡು ಗಂಟೆ ದುಡಿದು ಮನೆ ನಡೆಸುವ ಒಬ್ಬಾಕೆಯನ್ನು ಪ್ರಾಣಿಯ ಹೆಸರಿನಿಂದ ಕರೆಯುವುದರಲ್ಲಿ ಅನುಕಂಪ ಎಷ್ಟು, ತಾತ್ಸಾರ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ.

2019ರವರೆಗೆ, ವಾರದ ನಾಲ್ಕು ದಿನ, ಬೆಳಗಿನ ಹೊತ್ತು ಸಾವಿರಾರು ಹೆಂಗಸರು ಈ ಗಡಿಯನ್ನು ಬರಿಗೈಯಲ್ಲಿ ದಾಟಿ ಬೆನ್ನು ತುಂಬ ಸರಕು ಹೊತ್ತು ಮರಳುತ್ತಿದ್ದರು. ಹೊರೆಯೊಂದರ ತೂಕ 60ರಿಂದ 90 ಕಿಲೋ. ನಮ್ಮಲ್ಲಿ ಸಿಮೆಂಟಿನ ಚೀಲ 50 ಕಿಲೋ ಎಂಬುದನ್ನು ನೆನಪಿಗೆ ತಂದುಕೊಂಡರೆ ಇದರ ಭಾರ ಅರಿವಾಗುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಪ್ರಾಯದ ಗಂಡಸು ಹೊರಬಹುದಾದ ಮಿತಿ 55 ಕಿಲೋ ಎಂದೂ ಹೆಂಗಸರಿಗೆ ಅದಕ್ಕಿಂತ ಬಹಳ ಕಡಿಮೆ ಇರಬೇಕೆಂದೂ ಶಿಫಾರಸು ಮಾಡಿತ್ತು. ಲಾರಿ, ಹಡಗು, ರೈಲುಗಳಿರುವ ಕಾಲದಲ್ಲಿ, ಅದೂ ಯೂರೋಪಿನ ಹೊಸ್ತಿಲಲ್ಲಿ, ಸರಕು ಹೆಂಗಸರ ಬೆನ್ನೇರಿ ಏಕೆ ಹೋಗಬೇಕಾಗಿತ್ತು? ಬಡತನ ಎಂಬ ಉತ್ತರ ಸುಳ್ಳಲ್ಲ, ಆದರೆ ಸಾಲದು. ಬಡವರು ಎಲ್ಲೆಡೆ ಇದ್ದಾರೆ; ಇಂಥ ದೃಶ್ಯ ಎಲ್ಲೆಡೆ ಇಲ್ಲ. ಇದರ ಹಿಂದೆ ಒಂದು ವಿಚಿತ್ರ ಕಾನೂನಿನ ಕಥೆಯಿದೆ.

ಭೂಪಟ ತೆಗೆದು ನೋಡಿದರೆ ಮೊರಾಕ್ಕೊದ ಮೆಡಿಟರೇನಿಯನ್ ಕರಾವಳಿಯಲ್ಲಿ ಎರಡು ಚುಕ್ಕೆಗಳು ಕಾಣುತ್ತವೆ. ಒಂದು ಜಿಬ್ರಾಲ್ಟರಿನ ಎದುರು ದಡದಲ್ಲಿರುವ ಸೆಉಟಾ. ಅರಬ್ಬರ ಬಾಯಲ್ಲಿ ಅದು ಸೆಬ್ತಾ. ಇನ್ನೊಂದು ಪೂರ್ವಕ್ಕಿರುವ ಮೆಲಿಯಾ. ಸೆಉಟಾದ ವಿಸ್ತೀರ್ಣ 18 ಚದರ ಕಿಲೋಮೀಟರಿಗೆ ತುಸು ಹೆಚ್ಚು, ಮೆಲಿಯಾದ್ದು ಸುಮಾರು 12. ಒಂದೊಂದರಲ್ಲೂ ಎಂಬತ್ತು ಸಾವಿರದ ಆಸುಪಾಸು ಜನ. ನೆಲ ಆಫ್ರಿಕಾದ್ದು, ಆಡಳಿತ ಸ್ಪೇನಿನದು. ಮೆಲಿಯಾವನ್ನು ಸ್ಪೇನ್ 1497ರಲ್ಲಿ ಹಿಡಿಯಿತು. ಸೆಉಟಾವನ್ನು 1415ರಲ್ಲಿ ಗೆದ್ದವರು ಪೋರ್ಚುಗೀಸರು. ಅದು ಸ್ಪೇನಿನದೆಂದು 1668ರ ಒಪ್ಪಂದದಲ್ಲಿ ಖಚಿತವಾಯಿತು. ಮೊರಾಕ್ಕೊ ಇವೆರಡನ್ನೂ ತನ್ನ ನೆಲವೆಂದೇ ಹೇಳುತ್ತ ಬಂದಿದೆ. ಈ ತಕರಾರು ನಮ್ಮ ಕಥೆಗೆ ಮುಖ್ಯ. ಏಕೆಂದರೆ ಗಡಿಯಲ್ಲಿ ಸುಂಕದ ಕಟ್ಟೆ ಕಟ್ಟುವುದೆಂದರೆ ಅದನ್ನು ಗಡಿ ಎಂದು ಒಪ್ಪಿಕೊಂಡಂತೆ. ಹೀಗಾಗಿ ಸೆಉಟಾದ ಬಾಗಿಲಲ್ಲಿ ವ್ಯಾಪಾರಿ ಸರಕಿಗೆಂದು ಸುಂಕದ ಕಚೇರಿ ತೆರೆಯಲು ಮೊರಾಕ್ಕೊ ದಶಕಗಳ ಕಾಲ ಒಪ್ಪಲಿಲ್ಲ. ಮೆಲಿಯಾದಲ್ಲಿ ಅಂಥದೊಂದು ಕಚೇರಿ ಇತ್ತು. ಅದನ್ನೂ 2018ರ ಆಗಸ್ಟಿನಲ್ಲಿ ಮೊರಾಕ್ಕೊ ಮುಚ್ಚಿತು.

ಇನ್ನೊಂದು ಕಡೆ, ಸ್ಪೇನ್ ಈ ಎರಡು ಊರುಗಳನ್ನು 1863ರಲ್ಲಿ ಸುಂಕಮುಕ್ತ ಬಂದರುಗಳೆಂದು ಸಾರಿತ್ತು. ಹಿಂದೆ ಕೋಟೆ, ಸೆರೆಮನೆ, ಸೈನಿಕರ ಠಾಣೆಗಳಾಗಿದ್ದ ಊರುಗಳು ಕ್ರಮೇಣ ಸಂತೆಗಳಾದವು. 1912ರಿಂದ 1956ರವರೆಗೆ ಉತ್ತರ ಮೊರಾಕ್ಕೊವೇ ಸ್ಪೇನಿನ ರಕ್ಷಿತ ಪ್ರದೇಶವಾಗಿದ್ದುದರಿಂದ ಮೆಲಿಯಾಕ್ಕೂ ಪಕ್ಕದ ನಾದೋರಿಗೂ, ಸೆಉಟಾಕ್ಕೂ ತೆತುವಾನಿಗೂ ನಡುವೆ ಇಂದಿನಂಥ ಅಡ್ಡಗೋಡೆ ಇರಲಿಲ್ಲ. ಹಳ್ಳಿಯವರು ಮೊಟ್ಟೆ, ಕೋಳಿ, ತರಕಾರಿ ತಂದು ಮಾರಿ, ಸಕ್ಕರೆ, ಸೋಪು, ಬಟ್ಟೆ ಕೊಂಡು ಹೋಗುತ್ತಿದ್ದರು. 1956ರಲ್ಲಿ ಮೊರಾಕ್ಕೊ ಸ್ವತಂತ್ರವಾಯಿತು. ಈ ಎರಡು ಊರುಗಳು ಮಾತ್ರ ಸ್ಪೇನಿನಲ್ಲೇ ಉಳಿದವು. ಸಂತೆ ಒಂದು ದೇಶದಲ್ಲಿ, ಹಳ್ಳಿ ಇನ್ನೊಂದರಲ್ಲಿ ಎಂಬಂತಾಯಿತು.

ಆ ಬೆಟ್ಟಸೀಮೆಯ ಹೆಸರು ರಿಫ್. 1921ರಿಂದ 1926ರವರೆಗೆ ಅಬ್ದ್ ಅಲ್ ಕರೀಮನ ಮುಂದಾಳ್ತನದಲ್ಲಿ ಸ್ಪೇನಿನ ವಿರುದ್ಧ ಕಾದಿದ ಜನ ಅವರು. ಸ್ವತಂತ್ರ ಮೊರಾಕ್ಕೊದಲ್ಲೂ 1958-59ರಲ್ಲಿ ದಂಗೆಯೆದ್ದರು. ದಂಗೆಯನ್ನು ಸೈನ್ಯ ಕಠೋರವಾಗಿ ಹತ್ತಿಕ್ಕಿತು. ಅನಂತರದ ದಶಕಗಳಲ್ಲಿ ಸರ್ಕಾರ ಈ ಸೀಮೆಯ ಅಭಿವೃದ್ಧಿಗೆ ಅಷ್ಟಾಗಿ ಕೈಹಾಕಲಿಲ್ಲ. ಗಂಡಸರು ಯೂರೋಪಿಗೆ ಕೂಲಿಗೆ ಹೋದರು. ಉಳಿದವರಿಗೆ ಸರ್ಕಾರ ಕೊಟ್ಟದ್ದು ಕಾರ್ಖಾನೆಯನ್ನಲ್ಲ, ಗಡಿಯಲ್ಲಿ ಕಣ್ಣು ಮುಚ್ಚಿಕೊಳ್ಳುವ ಒಂದು ಬಗೆಯ ಔದಾರ್ಯವನ್ನು. ಅದಕ್ಕೆ ಅಲ್ಲಿಯ ಅರಬ್ಬಿ ಪತ್ರಿಕೆಗಳು ಇಟ್ಟ ಹೆಸರು ಹೊಟ್ಟೆಪಾಡಿನ ಕಳ್ಳಸಾಗಣೆ. ಸ್ಪೇನಿನವರ ಕಾಗದಪತ್ರಗಳಲ್ಲಿ ಇದರ ಹೆಸರು ‘ವಿಶಿಷ್ಟ ವಾಣಿಜ್ಯ’. ಮಾಮೂಲಿಯಲ್ಲದ್ದು ಎಂದರ್ಥ. ಒಂದೇ ಗಂಟು ಗೇಟಿನ ಈಚೆಗೆ ವಾಣಿಜ್ಯ, ಆಚೆಗೆ ಕಳ್ಳಮಾಲು!

ಈ ಕಥೆಯಲ್ಲಿ ನಮ್ಮ ದೇಶದವರೂ ಒಂದು ಮೂಲೆಯಲ್ಲಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಸಿಂಧ್ ಪ್ರಾಂತದ ಹೈದರಾಬಾದಿನಿಂದ ಹೊರಟ ಸಿಂಧಿ ವರ್ತಕರು ಜಿಬ್ರಾಲ್ಟರಿನಲ್ಲಿ ಅಂಗಡಿ ಹೂಡಿದ್ದರು. ಅಲ್ಲಿಂದ ಈ ಎರಡು ಊರುಗಳಿಗೂ ಹಬ್ಬಿದರು. ಕ್ರೈಸ್ತ, ಮುಸ್ಲಿಂ, ಯಹೂದಿ, ಹಿಂದೂ ಎಂಬ ನಾಲ್ಕು ಸಂಸ್ಕೃತಿಗಳ ಊರು ನಮ್ಮದೆಂದು ಸೆಉಟಾ, ಮೆಲಿಯಾಗಳು ಇಂದಿಗೂ ಹೇಳಿಕೊಳ್ಳುವುದು ಇವರಿಂದಾಗಿಯೇ. ಟ್ರಾನ್ಸಿಸ್ಟರ್, ಕ್ಯಾಮೆರಾ, ಕೈಗಡಿಯಾರಗಳನ್ನು ಅಗ್ಗದಲ್ಲಿ ಕೊಳ್ಳಲು ಸ್ಪೇನಿನ ಜನ ಹಡಗು ಹತ್ತಿ ಇವರ ಬಜಾರುಗಳಿಗೆ ಬರುತ್ತಿದ್ದ ಕಾಲವೊಂದಿತ್ತು. ಆದರೆ 1986ರಲ್ಲಿ ಸ್ಪೇನ್ ಯೂರೋಪಿನ ಒಕ್ಕೂಟ ಸೇರಿತು. ಹೊರಗಿನ ಸಾಮಾನು ಸ್ಪೇನಿನ ಒಳನಾಡಿನಲ್ಲೇ ಕಡಿಮೆ ಬೆಲೆಗೆ ಸಿಗತೊಡಗಿದ ಮೇಲೆ ಅದಕ್ಕಾಗಿ ಸಮುದ್ರ ದಾಟುವವರಾರು? ಬಜಾರುಗಳು ಬಣಗುಟ್ಟಿದವು. ಆಗ ವ್ಯಾಪಾರ ದಕ್ಷಿಣಕ್ಕೆ ಮುಖ ತಿರುಗಿಸಿತು. ಬೇಲಿಯಾಚೆ ಕೋಟಿಗಟ್ಟಲೆ ಗಿರಾಕಿಗಳಿರುವ ದೇಶ, ಅಲ್ಲಿ ಆಮದಿನ ಮೇಲೆ ಭಾರಿ ಸುಂಕ. ಬೇಲಿಯೀಚೆ ಸುಂಕದಿಂದ ವಿನಾಯಿತಿ ಪಡೆದ ಊರು. ಎರಡು ಬೆಲೆಗಳ ನಡುವಿನ ಅಂತರವೇ ಬಂಡವಾಳ.

ಸರಕು ದಾಟಿಸಲು ಸುಂಕದ ಕಟ್ಟೆಯಿಲ್ಲ, ಲಾರಿಗೆ ದಾರಿಯಿಲ್ಲ. ಹಾಗಿದ್ದರೆ ಉಳಿದ ದಾರಿ ಯಾವುದು? ಪ್ರಯಾಣಿಕರ ಲಗೇಜು! ಗಡಿ ದಾಟುವ ಮನುಷ್ಯ ಮೈಮೇಲೆ, ಕೈಯಲ್ಲಿ ತನ್ನ ಸ್ವಂತದ ವಸ್ತುಗಳನ್ನು ಒಯ್ಯಬಹುದು ಎಂಬುದು ಎಲ್ಲ ದೇಶಗಳ ಸುಂಕದ ಕಾನೂನಿನಲ್ಲೂ ಇರುವ ಸಣ್ಣ ಸೌಲಭ್ಯ. ಆ ಸಣ್ಣ ಕಿಂಡಿಯಲ್ಲಿ ಇಡೀ ಒಂದು ಸಗಟು ಮಾರುಕಟ್ಟೆಯನ್ನು ತೂರಿಸಲಾಯಿತು. ಮನುಷ್ಯ ದೇಹ ಹೊರುವಷ್ಟು ಎಲ್ಲವೂ ಲಗೇಜು. ಗಾಡಿಗೆ ಹಾಕಿದರೆ ಸರಕು. ಚಕ್ರ ತಾಕಿದರೆ ಸುಂಕ, ಬೆನ್ನಿಗೇರಿದರೆ ಇಲ್ಲ. ಹೊರೆ 90 ಕಿಲೋ ಮುಟ್ಟಿದ್ದು ಇದರಿಂದಲೇ. ವರ್ತಕನಿಗೆ ಪ್ರತಿ ದಾಟುವಿಕೆಗೂ ಒಂದು ಬೆನ್ನು ಸಿಗುತ್ತದೆ. ಆ ಬೆನ್ನು ಎಷ್ಟು ತಾಳುತ್ತದೋ ಅಷ್ಟೂ ಲಾಭ.

1990ರ ದಶಕದಲ್ಲಿ ಈ ವ್ಯವಸ್ಥೆಗೆ ಇನ್ನೊಂದು ಕೀಲು ಸೇರಿತು. ಯೂರೋಪಿನ ಷೆಂಗೆನ್ ಒಪ್ಪಂದಕ್ಕೆ ಸ್ಪೇನ್ 1991ರಲ್ಲಿ ಸಹಿ ಹಾಕಿದಾಗ ಮೊರಾಕ್ಕೊದವರಿಗೆಲ್ಲ ವೀಸಾ ಕಡ್ಡಾಯವಾಯಿತು. ಆದರೆ ತೆತುವಾನ್ ಪ್ರಾಂತದವರು ಸೆಉಟಾಕ್ಕೆ, ನಾದೋರ್ ಪ್ರಾಂತದವರು ಮೆಲಿಯಾಕ್ಕೆ ವೀಸಾ ಇಲ್ಲದೆ ಹೋಗಿಬರಬಹುದು ಎಂಬ ವಿನಾಯಿತಿಯನ್ನು ಉಳಿಸಿಕೊಳ್ಳಲಾಯಿತು. ಹಗಲು ಬಂದು ಹಗಲೇ ಮರಳಬೇಕು, ಅಲ್ಲಿಂದ ಸ್ಪೇನಿನ ಒಳನಾಡಿಗೆ ಕಾಲಿಡಬಾರದು. ಅದೇ ದಶಕದಲ್ಲಿ ಎರಡೂ ಊರುಗಳ ಸುತ್ತ ಬೇಲಿ ಎದ್ದಿತು. 2005ರ ನಂತರ ಅದು 6 ಮೀಟರ್ ಎತ್ತರಕ್ಕೆ ಬೆಳೆಯಿತು. ಒಂದೇ ಗಡಿ ಕೆಲವರಿಗೆ ಮುಳ್ಳುತಂತಿಯ ಗೋಡೆ, ಪಕ್ಕದೂರಿನವರಿಗೆ ತಿರುಗುಗೇಟು. ಈ ವಿನಾಯಿತಿಯ ಸುದ್ದಿ ಹಬ್ಬಿದಂತೆ ಮೊರಾಕ್ಕೊದ ಒಳನಾಡಿನ ಬಡ ಹೆಂಗಸರು ಗುಳೆ ಬಂದು ಫ್ನಿದೆಕ್, ನಾದೋರ್, ಬೆನಿ ಎನ್ಸಾರ್‌ಗಳಲ್ಲಿ ಬಾಡಿಗೆ ಕೋಣೆ ಹಿಡಿದು, ಗುರುತಿನ ಚೀಟಿಯಲ್ಲಿ ಅಲ್ಲಿಯ ವಿಳಾಸ ಬರೆಸಿಕೊಂಡರು. ಆ ವಿಳಾಸವೇ ಅವರ ಪಾಲಿಗೆ ಉದ್ಯೋಗ ಪತ್ರ. ಫ್ನಿದೆಕ್ ಎಂದರೆ ಪುಟ್ಟ ಛತ್ರ. ಊರಿನ ಹೆಸರೇ ದಾರಿಹೋಕ ವ್ಯಾಪಾರಿಗಳನ್ನು ನೆನಪಿಸುತ್ತದೆ.

ಕೆಲಸ ನಡೆಯುತ್ತಿದ್ದ ಬಗೆ ಹೀಗೆ. ಮಾಲಗಾ, ಅಲ್ಹೆಸಿರಾಸ್ ಬಂದರುಗಳಿಂದ ಹಡಗಿನಲ್ಲಿ ಬಂದ ಸರಕು ಗಡಿಗೆ ಹೊಂದಿಕೊಂಡ ಗೋದಾಮುಗಳಿಗೆ ಸೇರುತ್ತಿತ್ತು. ಸೆಉಟಾದಲ್ಲಿ ಆ ಜಾಗದ ಹೆಸರು ತಾರಾಹಾಲ್. ಮೆಲಿಯಾದಲ್ಲಿ ಹೊರೆಯವರ ಗೇಟು ಬಾರಿಯೊ ಚೀನೊ, ಎಂದರೆ ಚೀನಾ ಪೇಟೆ. ಹಳೆಯ ಬಟ್ಟೆ, ಕಂಬಳಿ, ಮಕ್ಕಳ ಡಯಾಪರ್, ಟಾಯ್ಲೆಟ್ ಕಾಗದ, ಶಾಂಪೂ, ಬಿಸ್ಕತ್ತು, ಟೈರು, ಹೀಗೆ ಏನುಂಟು ಏನಿಲ್ಲ. ಗೋದಾಮಿನಲ್ಲೇ ಅವನ್ನು ಬಿಗಿಯಾಗಿ ಒತ್ತಿ, ರಟ್ಟು, ಬಟ್ಟೆ, ಪ್ಲಾಸ್ಟಿಕ್‌ಗಳಲ್ಲಿ ಸುತ್ತಿ, ಹಗ್ಗ ಬಿಗಿದು ಗಂಟು ಕಟ್ಟುತ್ತಿದ್ದರು. ಯಾರ ಗಂಟು ಎಂದು ತಿಳಿಯಲು ಮೇಲೊಂದು ಗುರುತು. ಗಂಟಿನೊಳಗೇನಿದೆ ಎಂದು ಎಷ್ಟೋ ವೇಳೆ ಹೊರುವವಳಿಗೇ ತಿಳಿಯದು. ಆಕೆ ಕೊಂಡವಳೂ ಅಲ್ಲ, ಮಾರುವವಳೂ ಅಲ್ಲ. ಹಗ್ಗವನ್ನು ಎದೆಗೆ, ಹೆಗಲಿಗೆ ಬಿಗಿದುಕೊಂಡು, ನಡು ಬಗ್ಗಿಸಿ, ನೆಲ ನೋಡುತ್ತ ಉದ್ದನೆಯ ಬೇಲಿಯ ಓಣಿಯಲ್ಲಿ ನಡೆಯಬೇಕು. ಈ ದೃಶ್ಯದ ಚಿತ್ರಗಳು ಅನೇಕ ಪತ್ರಿಕೆಗಳಲ್ಲಿ ಬಂದವು. ಹೆಚ್ಚಿನವುಗಳಲ್ಲಿ ಮುಖ ಕಾಣುವುದಿಲ್ಲ; ಗಂಟಿನ ಕೆಳಗೆ ಎರಡು ಕಾಲು ಮಾತ್ರ.

ನಸುಕಿಗೆ ಗೇಟು ತೆರೆಯುವ ಮುನ್ನ ಸಾಲಿನಲ್ಲಿ ಜಾಗ ಹಿಡಿಯಬೇಕು. ಹಿಂದಿನ ರಾತ್ರಿಯೇ ಬಂದು ಬೇಲಿಯ ಬುಡದಲ್ಲಿ ಮಲಗುವವರಿದ್ದರು. ಬಿಸಿಲಿಗೆ ನೆರಳಿಲ್ಲ, ಕುಡಿಯಲು ನೀರಿಲ್ಲ, ಶೌಚಕ್ಕೆ ಜಾಗವಿಲ್ಲ ಎಂದು ಆಂದಲೂಸಿಯಾದ ಮಾನವ ಹಕ್ಕುಗಳ ಸಂಘ ಮತ್ತೆ ಮತ್ತೆ ವರದಿ ಮಾಡಿತು. ಮಧ್ಯಾಹ್ನಕ್ಕೆ ಗೇಟು ಮುಚ್ಚುತ್ತದೆ. ಅಷ್ಟರೊಳಗೆ ಎರಡು ಸಲ ದಾಟಿದವಳಿಗೆ ಎರಡು ಕೂಲಿ. ಹೀಗಾಗಿ ಬರುವಾಗಲೂ ಓಟ, ಹೋಗುವಾಗಲೂ ಓಟ. ಹೊರೆಯೊಂದರ ಕೂಲಿ ಸರಕು, ದೂರ, ಆ ದಿನದ ನೂಕುನುಗ್ಗಲುಗಳ ಮೇಲೆ ಏರಿಳಿಯುತ್ತಿತ್ತು. ವರದಿಗಳಲ್ಲಿ ಹೆಚ್ಚಾಗಿ ಕಾಣುವ ದರ ಮೂರರಿಂದ ಹತ್ತು ಯೂರೋ. ಕೂಲಿ ಸಿಗುವುದು ಗಂಟು ಆಚೆ ಬದಿಯ ವರ್ತಕನ ವ್ಯಾನಿಗೆ ಸೇರಿದ ಮೇಲೆ. ದಾರಿಯಲ್ಲಿ ಸುಂಕದವರು ಗಂಟು ಕಸಿದುಕೊಂಡರೆ ಕೂಲಿಯೂ ಇಲ್ಲ. ಕೈಬಿಸಿ ಮಾಡಿದರೆ ಗಂಟು ಉಳಿಯುತ್ತಿತ್ತು ಎಂಬ ದೂರನ್ನು ಅವರು ಹೇಳಿಕೊಂಡಿದ್ದಾರೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನಾಗುತ್ತದೆಂದು ನಮ್ಮ ಗಾದೆಗೂ ಗೊತ್ತು.

ಹೆಂಗಸರೇ ಏಕೆ? ಮೆಲಿಯಾದ ಕಡೆ ಗಂಡಸರೂ ಹೊರುತ್ತಿದ್ದರು. ಟೈರುಗಳನ್ನು ಮೈಗೆ ತೊಡಿಸಿಕೊಂಡು ನಡೆಯುವ ಯುವಕರು ಅಲ್ಲಿ ಸಾಮಾನ್ಯವಾಗಿದ್ದರು. ಆದರೆ ಒಟ್ಟಾರೆಯಾಗಿ ಇದು ಹೆಂಗಸರ ಕೆಲಸವೆಂದೇ ಬೇರೂರಿತ್ತು. ಶುರುವಿನ ದಿನಗಳಲ್ಲಿ ಸರಕು ಹೋಗುತ್ತಿದ್ದುದು ಉಡುಪಿನ ಮರೆಯಲ್ಲಿ. ನೀಳವಾದ ಜೆಲ್ಲಾಬಾದ ಒಳಗೆ ಬಟ್ಟೆಯ ಮೇಲೆ ಬಟ್ಟೆ ಸುತ್ತಿಕೊಂಡು ದಾಟುವ ಹೆಂಗಸಿನ ಮೈಮುಟ್ಟಿ ಶೋಧಿಸಲು ಗಂಡು ಸಿಪಾಯಿ ಹಿಂಜರಿಯುತ್ತಿದ್ದ. ವಯಸ್ಸಾದವಳಾದರೆ ಇನ್ನಷ್ಟು ಹಿಂಜರಿಕೆ. ಸಂಪ್ರದಾಯ ಕೊಟ್ಟ ಈ ಸಣ್ಣ ಮರ್ಯಾದೆಯನ್ನು ವ್ಯಾಪಾರ ಗುರುತಿಸಿ ದುಡಿಸಿಕೊಂಡಿತು. ಇನ್ನೊಂದು ಕಾರಣ ಮನೆಯೊಳಗಿನದು. ಹೊರೆಗೆ ಬಂದವರಲ್ಲಿ ಬಹುಮಂದಿ ವಿಧವೆಯರು, ಗಂಡ ಬಿಟ್ಟವರು, ಗಂಡ ಕಾಯಿಲೆ ಬಿದ್ದವರು. ಓದು ಇಲ್ಲ, ಕಾರ್ಖಾನೆ ಇಲ್ಲ, ಜಮೀನು ಇಲ್ಲ. ಪರ್ಯಾಯವೆಂದರೆ ಸೆಉಟಾ, ಮೆಲಿಯಾಗಳ ಮನೆಗಳಲ್ಲಿ ಮುಸುರೆ ತಿಕ್ಕುವ ಕೆಲಸ. ಅದಕ್ಕೂ ದಿನಾ ಇದೇ ಗಡಿ ದಾಟಬೇಕು, ಅದಕ್ಕೂ ಪೈಪೋಟಿ. ಹೊರೆಯ ಕೆಲಸದಲ್ಲಿ ಸಂಜೆಗೆ ನಗದು ಕೈಗೆ ಬರುತ್ತಿತ್ತು. ಈ ದುಡ್ಡಿನಲ್ಲಿ ಮಕ್ಕಳನ್ನು ಓದಿಸಿದೆವು ಎಂದು ಅವರಲ್ಲಿ ಹಲವರು ವರದಿಗಾರರಿಗೆ ಹೇಳಿದ್ದುಂಟು. ಅವರನ್ನು ಬರೀ ಬಲಿಪಶುಗಳೆಂದು ಚಿತ್ರಿಸುವವರು ಈ ಮಾತನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಲಾಭ ಯಾರಿಗೆ? ಹಡಗಿನಿಂದ ಇಳಿದ ಸರಕಿಗೆ ಎರಡು ಊರುಗಳ ಆಡಳಿತಗಳೂ ಸ್ಥಳೀಯ ಆಮದು ತೆರಿಗೆ ವಸೂಲಿ ಮಾಡುತ್ತಿದ್ದವು. ಸ್ಪೇನಿನ ಉಳಿದೆಡೆ ಇರುವ ಮೌಲ್ಯವರ್ಧಿತ ತೆರಿಗೆಯ ಬದಲು ಇಲ್ಲಿರುವುದು ಈ ತೆರಿಗೆ. ನಗರದ ಬೊಕ್ಕಸಕ್ಕೆ ಅದು ದೊಡ್ಡ ಆಸರೆ. ಊರಿನ ಜನ ಕೊಂಡು ಮುಗಿಸಲಾಗದಷ್ಟು ಕಂಬಳಿ, ಡಯಾಪರುಗಳಿಗೆ ತೆರಿಗೆ ಬರುತ್ತಿತ್ತೆಂದರೆ ಅದು ಹೆಂಗಸರ ಬೆನ್ನಿನಿಂದ ಬಂದ ತೆರಿಗೆಯೇ. ಗೋದಾಮಿನ ಮಾಲೀಕರು, ಸಗಟು ವರ್ತಕರು, ನಾದೋರಿನಿಂದ ಕಾಸಾಬ್ಲಾಂಕಾದವರೆಗೆ ಅಂಗಡಿಕಾರರು, ಎಲ್ಲರಿಗೂ ಪಾಲಿತ್ತು. ಫ್ನಿದೆಕ್‌ನ ಸಂತೆಗೆ ರಬಾತಿನಿಂದ ಸಂಸಾರ ಸಮೇತ ಬಂದು ಕಂಬಳಿ, ಚೀಸು, ಸಾಬೂನು ಕೊಂಡು ಹೋಗುವ ಮಧ್ಯಮ ವರ್ಗದವರಿಗೂ ಇತ್ತು. ಈ ವ್ಯಾಪಾರದಿಂದ ನೇರವಾಗಿ 45,000 ಜನ, ಪರೋಕ್ಷವಾಗಿ 4 ಲಕ್ಷ ಜನ ಬದುಕುತ್ತಾರೆ ಎಂಬ ಒಂದು ಅಂದಾಜು ಪತ್ರಿಕೆಗಳಲ್ಲಿ ಬಹಳ ವರ್ಷ ಓಡಾಡಿತು. ಮೊರಾಕ್ಕೊದ ಸಂಸತ್ ಸದಸ್ಯರ ತಂಡವೊಂದು 2018ರಲ್ಲಿ ಸೆಉಟಾದ ಗಡಿಗೆ ಹೋಗಿ ನೋಡಿ, ಅಲ್ಲಿ ಹೊರುವ ಹೆಂಗಸರು ಸುಮಾರು 3,500, ಜೊತೆಗೆ 200ರಷ್ಟು ಎಳೆಯ ಮಕ್ಕಳು ಎಂದು ಹೇಳಿತು. ಇಷ್ಟು ದೊಡ್ಡ ಕಟ್ಟಡಕ್ಕೆ ಇಷ್ಟೇ ಕಂಬಗಳು.

ಇಷ್ಟಾದರೂ ಯಾವ ದಾಖಲೆಯಲ್ಲೂ ಇವರು ಕಾರ್ಮಿಕರಲ್ಲ. ವರ್ತಕ ಇವರ ಮಾಲೀಕನಲ್ಲ, ಏಕೆಂದರೆ ಗಂಟು ಇವರ ಸ್ವಂತ ಲಗೇಜು. ಸ್ಪೇನಿನ ಕಾರ್ಮಿಕ ಕಾನೂನು ಇವರಿಗೆ ತಾಗದು, ಏಕೆಂದರೆ ಇವರು ಹಗಲು ಬಂದು ಹೋಗುವ ಸಂದರ್ಶಕರು. ಮೊರಾಕ್ಕೊದ ಕಾನೂನು ತಾಗದು, ಏಕೆಂದರೆ ಕಳ್ಳಸಾಗಣೆಗೆ ಭವಿಷ್ಯನಿಧಿ ಎಲ್ಲಿಂದ ಬರಬೇಕು? ಬೆನ್ನುಮೂಳೆ ಸವೆದರೆ, ಮಂಡಿ ಹೋದರೆ ಅದು ಪ್ರಯಾಣಿಕಳೊಬ್ಬಳ ಖಾಸಗಿ ಕಾಯಿಲೆ. ತೂಕದ ಮಿತಿ, ಕೆಲಸದ ಗಂಟೆ, ಹೆರಿಗೆ ರಜೆ ಎಂಬ ಮಾತುಗಳೆಲ್ಲ ಕಾರ್ಮಿಕರಿಗೆ, ಲಗೇಜು ಒಯ್ಯುವವರಿಗಲ್ಲ. ಈ ಒಂದು ಶಬ್ದದ ಮರೆಯಲ್ಲಿ ಎರಡು ಸರ್ಕಾರಗಳು ನಿಶ್ಚಿಂತೆಯಾಗಿದ್ದವು.

ಆ ನಿಶ್ಚಿಂತೆಯನ್ನು ಕಲಕಿದ್ದು ಸಾವುಗಳು. 2008ರ ನವೆಂಬರಿನಲ್ಲಿ ಬಾರಿಯೊ ಚೀನೊ ಗೇಟಿನ ನೂಕುನುಗ್ಗಲಿನಲ್ಲಿ ಒಬ್ಬ ಮಹಿಳೆ ತುಳಿತಕ್ಕೆ ಸಿಕ್ಕಿ ಸತ್ತರು. 2009ರ ಮೇ ತಿಂಗಳಲ್ಲಿ ಸೆಉಟಾದ ಗಡಿಯಲ್ಲಿ ಇಬ್ಬರು. 2017ರಲ್ಲಿ ಸೆಉಟಾದಲ್ಲಿ ಹೊರೆಯವರಿಗೆಂದೇ ‘ತಾರಾಹಾಲ್ ಎರಡು’ ಎಂಬ ಹೊಸ ಓಣಿ ತೆರೆದರು. ಆ ವರ್ಷದ ಆಗಸ್ಟಿನಲ್ಲಿ ಮತ್ತಿಬ್ಬರು, 2018ರ ಜನವರಿಯಲ್ಲಿ ಇನ್ನಿಬ್ಬರು ಸತ್ತರು. ಬೆನ್ನಿಗೆ ಬಿಗಿದ ಹೊರೆಯೊಂದಿಗೆ ಮುಗ್ಗರಿಸಿದವಳು ತಾನಾಗಿ ಏಳಲಾರಳು. ಹಿಂದಿನವಳಿಗೆ ಮುಂದೇನಿದೆ ಎಂದು ಕಾಣದು. ಆಮೇಲೆ ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬಂತು. ಹೆಂಗಸರಿಗೆ ಎರಡು ದಿನ, ಗಂಡಸರಿಗೆ ಎರಡು ದಿನ ಎಂದು ಹಂಚಿದರು. ಕೊನೆಗೆ ಸೆಉಟಾದಲ್ಲಿ ಬೆನ್ನ ಮೇಲೆ ಹೊರುವುದನ್ನು ನಿಲ್ಲಿಸಿ, ಚಕ್ರದ ಸಣ್ಣ ಕೈಗಾಡಿಯಲ್ಲಿ ಎಳೆದುಕೊಂಡು ಹೋಗಬೇಕೆಂದು ವಿಧಿಸಿದರು. ಇಷ್ಟು ವರ್ಷ ಚಕ್ರ ತಾಕಬಾರದೆಂದು ತಾನೇ ಬೆನ್ನಿಗೇರಿಸಿದ್ದು! ಚಕ್ರ ಬಂದರೂ ಅದು ಲಗೇಜಾಗಿಯೇ ಉಳಿಯಿತು. ಹಾಗಿದ್ದರೆ ಮೊದಲೇ ಏಕೆ ಬರಲಿಲ್ಲ ಎಂದು ಕೇಳುವ ಹಕ್ಕು ಆ ಹೆಂಗಸರಿಗಿತ್ತು.

ಇದೆಲ್ಲ ಹೆಚ್ಚು ಕಾಲ ನಡೆಯಲಿಲ್ಲ. 2019ರ ಅಕ್ಟೋಬರಿನಲ್ಲಿ ಮೊರಾಕ್ಕೊ ಸೆಉಟಾದ ಆ ಓಣಿಯನ್ನು ಮುಚ್ಚಿಬಿಟ್ಟಿತು. ಹೆಂಗಸರ ಮಾನ ಕಾಪಾಡುವುದಕ್ಕೆ ಎಂಬ ಮಾತು ಆಗ ಕೇಳಿಬಂತು. ಮಾನದ ಪ್ರಶ್ನೆ ನಿಜವೇ. ಆದರೆ 2007ರಲ್ಲಿ ಆರಂಭವಾಗಿ ಬೆಳೆಯುತ್ತಿದ್ದ ಟ್ಯಾಂಜಿಯರ್-ಮೆಡ್ ಎಂಬ ಮೊರಾಕ್ಕೊದ ಸ್ವಂತ ಮಹಾಬಂದರು ಸೆಉಟಾದಿಂದ ಕೂಗಳತೆಯಲ್ಲೇ ಇದೆ. ಸರಕು ಅಲ್ಲಿಗೆ ಬಂದರೆ ಸುಂಕ ಮೊರಾಕ್ಕೊದ ಬೊಕ್ಕಸಕ್ಕೆ. ಸ್ಪೇನಿನ ಊರುಗಳಿಗೆ ಪೆಟ್ಟು ಕೊಡುವ ರಾಜಕೀಯವೂ ಇದರಲ್ಲಿ ಸೇರಿತ್ತೆಂದು ಅನೇಕರು ಬರೆದರು. ಯಾವ ಕಾರಣಕ್ಕೆ ಎಷ್ಟು ತೂಕವೋ, ಫಲ ಒಂದೇ. 2020ರ ಮಾರ್ಚಿನಲ್ಲಿ ಕೋವಿಡ್ ಬಂದು ಎರಡೂ ಊರುಗಳ ಗಡಿ ಪೂರ್ತಿ ಮುಚ್ಚಿತು. ಮೆಲಿಯಾದ ಹೊರೆಯೂ ಅಲ್ಲಿಗೆ ನಿಂತಿತು.

ಹೊರೆಯನ್ನು ನಿಲ್ಲಿಸಬೇಕೆಂದು ಹೋರಾಡಿದವರು ಅದರ ಜೊತೆಗೆ ಬೇರೆ ಕೆಲಸವನ್ನೂ ಕೇಳಿದ್ದರು. ಮೊದಲನೆಯದು ಸಿಕ್ಕಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದರೂ ಎರಡನೆಯದು ಸಿಗದಿದ್ದಾಗ, 2021ರ ಫೆಬ್ರುವರಿಯ ಆರಂಭದಲ್ಲಿ ಫ್ನಿದೆಕ್‌ನ ಬೀದಿಗೆ ಜನ ಇಳಿದರು. ಅದರಲ್ಲಿ ಹೊರೆಯ ಹೆಂಗಸರೂ ಇದ್ದರು. ಗಡಿ ತೆರೆಯಿರಿ ಎಂಬುದೇ ಕೂಗು. ಆ ಗಲಾಟೆಯ ಬೆನ್ನಲ್ಲೇ, ಫೆಬ್ರುವರಿ 8ರಂದು, ಹತ್ತಿರದ ಟ್ಯಾಂಜಿಯರಿನಲ್ಲಿ ನೆಲಮಾಳಿಗೆಯೊಂದರಲ್ಲಿ ಪರವಾನಗಿಯಿಲ್ಲದೆ ನಡೆಯುತ್ತಿದ್ದ ಹೊಲಿಗೆ ಕಾರ್ಖಾನೆಗೆ ಮಳೆನೀರು ನುಗ್ಗಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು. ಹೊರೆಯ ಬದಲಿಗೆ ಆ ಸೀಮೆಯಲ್ಲಿದ್ದ ಕೆಲಸ ಎಂಥದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ. ಪ್ರತಿಭಟನೆಯ ನಂತರ ಸರ್ಕಾರ ಚುರುಕಾಗಿ ಕೆಲವು ನೂರು ಜನಕ್ಕೆ ಬಟ್ಟೆ ಕಾರ್ಖಾನೆಗಳಲ್ಲಿ ಕೆಲಸ ಕೊಡಿಸಿತು. ಫ್ನಿದೆಕ್‌ನಲ್ಲಿ ವ್ಯಾಪಾರಕ್ಕೆಂದು ಗೋದಾಮುಗಳ ಪ್ರದೇಶ ಕಟ್ಟಿತು. ಕಾರ್ಖಾನೆಗೆ ಬೇಕಾದವರು ಎಳೆಯ ವಯಸ್ಸಿನವರು; ಇಪ್ಪತ್ತು ವರ್ಷ ಹೊರೆ ಹೊತ್ತು ಐವತ್ತು ದಾಟಿದವಳಿಗೆ ಅಲ್ಲಿ ಜಾಗ ಕಡಿಮೆ. ಅದೇ ವರ್ಷದ ಮೇ ತಿಂಗಳಲ್ಲಿ ಮೊರಾಕ್ಕೊದ ಕಾವಲು ಸಡಿಲಗೊಂಡ ಒಂದೆರಡು ದಿನಗಳಲ್ಲಿ ಎಂಟು ಸಾವಿರದಷ್ಟು ಜನ ಈಜಿ, ನಡೆದು ಸೆಉಟಾಕ್ಕೆ ನುಗ್ಗಿದರು. ಅವರಲ್ಲಿ ಬಹಳಷ್ಟು ಮಂದಿ ಹುಡುಗರು. ಫ್ನಿದೆಕ್, ತೆತುವಾನ್‌ಗಳಿಂದ ಬಂದವರೇ ಅನೇಕರು.

2022ರ ಮೇ 17ರಂದು ಗಡಿ ಮತ್ತೆ ತೆರೆಯಿತು. ಆದರೆ ತೆತುವಾನ್, ನಾದೋರ್‌ಗಳವರಿಗಿದ್ದ ಹಳೆಯ ವಿನಾಯಿತಿ ಮರಳಲಿಲ್ಲ. ವೀಸಾ ಅಥವಾ ಕೆಲಸದ ಪರವಾನಗಿ ಬೇಕಾಯಿತು. ಮನೆಗೆಲಸದವರಲ್ಲಿ ಕಾಗದ ಇದ್ದವರು ದಾಟಿದರು, ಇಲ್ಲದವರು ಉಳಿದರು. ಹೊರೆಯವರ ಬಳಿ ಕಾಗದ ಎಂದೂ ಇರಲಿಲ್ಲ. ತಾರಾಹಾಲಿನ ಗೋದಾಮುಗಳಲ್ಲಿ ಅನೇಕವು ಬಾಗಿಲು ಮುಚ್ಚಿದವು. 2025ರ ಆರಂಭದಲ್ಲಿ, ವರ್ಷಗಟ್ಟಲೆ ಮಾತುಕತೆಯ ನಂತರ, ಸೆಉಟಾದ ಗಡಿಯಲ್ಲಿ ಮೊದಲ ಬಾರಿಗೆ ವ್ಯಾಪಾರಿ ಸರಕಿನ ಸುಂಕದ ಕಟ್ಟೆ ಕೆಲಸ ಶುರುಮಾಡಿತು. ಮೆಲಿಯಾದಲ್ಲಿ 2018ರಲ್ಲಿ ಮುಚ್ಚಿದ್ದನ್ನು ಮತ್ತೆ ತೆರೆದರು. ಬಿಲ್ಲು, ಪರವಾನಗಿ, ಮೊಹರುಗಳೊಂದಿಗೆ ಸರಕು ವಾಹನವೇರಿ ಬೆರಳೆಣಿಕೆಯ ಲೆಕ್ಕದಲ್ಲಿ ದಾಟತೊಡಗಿತು.